ನೂರು ರೂಪಾಯಿ ಕೊಟ್ಟು ಬರುವವರು: ಹುಬ್ಬಳ್ಳಿ-ಧಾರವಾಡದಲ್ಲಿ ನಮ್ಮ ಪೈಥಾನ್ ಗುಂಪು ನಿಂತ ಬಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಡೆವಲಪರ್‌ಗಳ ಗುಂಪು ನಡೆಯುವುದಿಲ್ಲ ಎಂದು ಹೇಳಿದವರೆಲ್ಲ ನನ್ನ ಹಿತೈಷಿಗಳೇ. ಚೆನ್ನಾಗಿ ಕೋಡ್ ಬರೆಯುವವರು ಬೆಂಗಳೂರಿನ ರೈಲು ಹತ್ತಿಯಾಗಿದೆ, ಉಳಿದವರಿಗೆ ಬೇಕಿರುವುದು ಸರ್ಟಿಫಿಕೇಟ್ ಎಂಬುದು ಅವರ ವಾದ. ಬರುವವರಿಂದ ಮುಂಗಡವಾಗಿ ನೂರು ರೂಪಾಯಿ ತೆಗೆದುಕೊಳ್ಳುತ್ತೇನೆ ಎಂದಾಗಲಂತೂ, ನಾನು ತುಂಬಾ ಗೌರವಿಸುವ ಹಿರಿಯರೊಬ್ಬರು, "ಇಲ್ಲಿ ಬಿಟ್ಟಿ ಊಟ ಹಾಕಿದರೂ ಜನ ಬರುವುದಿಲ್ಲ, ನೀನು ದುಡ್ಡು ಕೇಳುತ್ತೀಯಲ್ಲಪ್ಪ" ಎಂದರು. ಈಗ ಮೂರು ವರ್ಷ ದಾಟಿದೆ. ತಿಂಗಳಿಗೊಂದು ಭಾನುವಾರ 35ರಿಂದ 40 ಜನ ಬರುತ್ತಾರೆ, ದುಡ್ಡು ಕೊಟ್ಟೇ ಬರುತ್ತಾರೆ. ಬೇರೆ ಊರಿನ ಗೆಳೆಯರು ಆಗಾಗ ಕೇಳುತ್ತಿರುವುದರಿಂದ ಹೇಗೆ ಮಾಡಿದೆವೆಂದು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿದ್ದ ವರ್ಷಗಳಲ್ಲಿ ಬ್ಯಾಂಗ್‌ಪೈಪರ್ಸ್ ಎಂಬ ಪೈಥಾನ್ ಬಳಕೆದಾರರ ಗುಂಪಿನ (ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ) ಸಭೆಗಳಿಗೆ ಹೋಗುತ್ತಿದ್ದೆ. ಪೈಥಾನ್ ಬಳಸುವವರ ರಾಷ್ಟ್ರೀಯ ಸಮ್ಮೇಳನ ಪೈಕಾನ್ ಇಂಡಿಯಾ ಮೊದಲು ನಡೆದದ್ದು 2009ರಲ್ಲಿ, ಅಲ್ಲಿನ ಐಐಎಸ್‌ಸಿಯಲ್ಲಿ. ಆ ಊರಿನಲ್ಲಿ ಇಂಥ ಗುಂಪುಗಳಿಗೆ ಆಗಿನಿಂದಲೂ ನೆಲವಿದೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ಇಲ್ಲೇ ಉಳಿದೆ. ನನ್ನಂತೆ ಮರಳಿದವರು ಹಲವರಿದ್ದರು. ಅವರಿಗಿಂತ ಹೆಚ್ಚು ಸಂಖ್ಯೆಯಲ್ಲಿ, ಊರು ಬಿಟ್ಟು ಹೋಗದೆ ಅಂಗಡಿ, ಆಸ್ಪತ್ರೆ, ಸಹಕಾರಿ ಸಂಘಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದವರಿದ್ದರು. ಅವರ ಹೆಸರು ಯಾವ ಸಮ್ಮೇಳನದ ಪಟ್ಟಿಯಲ್ಲೂ ಇರುವುದಿಲ್ಲ. ನನ್ನ ಗುಂಪು ನಿಂತಿರುವುದು ಅವರ ಮೇಲೆ.

ಮೊದಲು ಬೆಂಗಳೂರಿನ ಅಚ್ಚಿನಲ್ಲೇ ಎರಕ ಹೊಯ್ದೆವು. ಉಚಿತ ನೋಂದಣಿ, ಎರಡು ಉಪನ್ಯಾಸ, ಸ್ಲೈಡು, ಪಿಜ್ಜಾ. ನೋಂದಣಿ ನೂರು ದಾಟುತ್ತಿತ್ತು, ಬರುತ್ತಿದ್ದವರು ಕಾಲು ಭಾಗ. ಪಿಜ್ಜಾ ಮಾತ್ರ ನೂರು ಜನರ ಲೆಕ್ಕದಲ್ಲಿ ಬಂದಿರುತ್ತಿತ್ತು. ಬೆಂಗಳೂರಿನಿಂದ ಒಬ್ಬ ಭಾಷಣಕಾರರನ್ನು ಕರೆಸಿದರೆ ರೈಲು, ಲಾಡ್ಜ್, ಊಟ ಎಂದು ಐದಾರು ಸಾವಿರ ಹೋಗುತ್ತಿತ್ತು. ಅವರು ಬಂದು ಸಾವಿರಾರು ಸರ್ವರ್‌ಗಳನ್ನು ಕುಬರ್ನೆಟಿಸ್‌ನಲ್ಲಿ ಸಂಭಾಳಿಸುವ ಬಗೆ ಹೇಳುತ್ತಿದ್ದರು. ಕೇಳುತ್ತಿದ್ದವರ ಗ್ರಾಹಕನ ಬಳಿ ಇದ್ದದ್ದು ಒಂದು ಹಳೆಯ ವಿಂಡೋಸ್ ಕಂಪ್ಯೂಟರ್, ಕರೆಂಟ್ ಹೋದಾಗ ಕೆಡುವ ಡೇಟಾಬೇಸ್. ಚಪ್ಪಾಳೆ ಬೀಳುತ್ತಿತ್ತು, ಮುಂದಿನ ತಿಂಗಳು ಅದೇ ಮುಖಗಳು ಕಾಣುತ್ತಿರಲಿಲ್ಲ. ಆ ಅವಧಿಯಲ್ಲಿ ನನ್ನ ಕೈಯಿಂದಲೇ ಹೆಚ್ಚುಕಡಿಮೆ 40 ಸಾವಿರ ಹೋಯಿತು.

ಸಭಾಂಗಣದ ಬಾಡಿಗೆ ಉಳಿಯುತ್ತದೆಂದು ಒಂದು ಕಾಲೇಜಿಗೆ ಹೋದೆವು. ಬಾಡಿಗೆ ಉಳಿಯಿತು, ಹೊತ್ತು ಉಳಿಯಲಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿಗಳ ಪರಿಚಯ, ಶಾಲು, ಸ್ಮರಣಿಕೆ, ಅಧ್ಯಕ್ಷೀಯ ನುಡಿ ಮುಗಿದು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಒಂದೂವರೆ ಗಂಟೆ ಸರಿದಿತ್ತು. ಸಭಾಂಗಣ ತುಂಬಿತ್ತು ನಿಜ, ಬಂದವರಲ್ಲಿ ಹೆಚ್ಚಿನವರನ್ನು ಚಟುವಟಿಕೆ ಅಂಕಕ್ಕಾಗಿ ತರಗತಿಯಿಂದ ಸಾಲಾಗಿ ಕಳಿಸಿದ್ದರು. ವಿದ್ಯಾರ್ಥಿಗಳ ಮೇಲೆ ನನಗೆ ಸಿಟ್ಟಿಲ್ಲ. ಇಂದು ನಮ್ಮ ಗುಂಪಿನ ಅತ್ಯಂತ ಚುರುಕು ಸದಸ್ಯರಲ್ಲಿ ಮೂವರು ಅದೇ ದಿನ ಹಿಂದಿನ ಸಾಲಿನಲ್ಲಿ ಕುಳಿತಿದ್ದವರು. ಆದರೆ ಆ ಸಭೆಯಲ್ಲಿ ಅವರಿಗೆ ಬಾಯಿ ತೆರೆಯುವ ಅವಕಾಶವೇ ಇರಲಿಲ್ಲ.

ಪ್ರಾಯೋಜಕರ ಕಥೆ ಇನ್ನೊಂದು. ಒಂದು ಕಂಪನಿ ಹತ್ತು ಸಾವಿರ ಕೊಡಲು ಒಪ್ಪಿ, ಕೊನೆಗೆ ಬಂದವರೆಲ್ಲರ ಮೊಬೈಲ್ ಸಂಖ್ಯೆ ಬೇಕೆಂದಿತು. ಒಂದು ತರಬೇತಿ ಕೇಂದ್ರ ಚಹಾ ಖರ್ಚು ಹೊತ್ತು, ಚಹಾದ ಜೊತೆ ತನ್ನ ಕೋರ್ಸಿನ ಕರಪತ್ರ ಹಂಚಿತು. ಅಂದಿನಿಂದ ಪ್ರಾಯೋಜಕತ್ವಕ್ಕೆ ಪೂರ್ತಿ ಕೈಮುಗಿದೆವು. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್‌ನ ಅನುದಾನಕ್ಕೆ ಅರ್ಜಿ ಹಾಕಿ ಎಂದೂ ಕೆಲವರು ಹೇಳಿದರು. ಒಳ್ಳೆಯ ಸಂಸ್ಥೆ, ಮನಸ್ಸಿನಿಂದ ಹೇಳುತ್ತೇನೆ. ಆದರೆ 2025ರ ಆಗಸ್ಟ್‌ನಲ್ಲಿ ಅವರೇ ಆ ವರ್ಷದ ಹಣ ಮುಗಿದು ಅನುದಾನ ನಿಲ್ಲಿಸಬೇಕಾಯಿತು. ತಿಂಗಳಿಗೆ ಎರಡು-ಮೂರು ಸಾವಿರದ ಖರ್ಚಿಗೆ ಸಾಗರದಾಚೆ ಕೈ ಚಾಚುವ ಅಗತ್ಯ ನನಗೆ ಕಾಣಲಿಲ್ಲ.

ಇನ್ನು ಈಗಿನ ಪದ್ಧತಿ. ಬೆಳಿಗ್ಗೆ 10ಕ್ಕೆ ಶುರು, 1ಕ್ಕೆ ಮುಗಿತಾಯ. ಭಾಷಣವಿಲ್ಲ. ಆರೇಳು ಮೇಜು, ಪ್ರತಿ ಮೇಜಿಗೆ ತನ್ನ ಕೆಲಸದಲ್ಲಿ ಎಲ್ಲೋ ಸಿಕ್ಕಿಕೊಂಡಿರುವ ಒಬ್ಬರು, ಸುತ್ತ ಐದು ಜನ. 40 ನಿಮಿಷಕ್ಕೊಮ್ಮೆ ಜನ ಮೇಜು ಬದಲಿಸುತ್ತಾರೆ, ಸಮಸ್ಯೆ ತಂದವರು ಕದಲುವುದಿಲ್ಲ. ಕೊನೆಯ ಅರ್ಧ ಗಂಟೆ, ಯಾವ ಮೇಜಿನಲ್ಲಿ ಸಿಕ್ಕು ಬಿಡಿಸಲಾಯಿತೋ ಅವರು ಸ್ಲೈಡಿಲ್ಲದೆ ಹತ್ತು ನಿಮಿಷ ಎಲ್ಲರಿಗೂ ಹೇಳುತ್ತಾರೆ. ಮಾತೆಲ್ಲ ಕನ್ನಡದಲ್ಲಿ. ಇದಕ್ಕೆ ಆರಂಭದಲ್ಲಿ ವಿರೋಧವಿತ್ತು, ತಾಂತ್ರಿಕ ವಿಷಯ ಇಂಗ್ಲಿಷಿನಲ್ಲೇ ಸರಿ ಎಂದರು. ಹತ್ತು ವರ್ಷ ಕೋಡ್ ಬರೆದು ಒಮ್ಮೆಯೂ ಸಭೆಯಲ್ಲಿ ಮಾತಾಡದವರು ಈಗ ಎದ್ದು ನಿಂತು ಡೇಟಾಬೇಸ್ ಲಾಕ್ ಆದದ್ದನ್ನು ವಿವರಿಸುತ್ತಾರೆ. ಇದಕ್ಕಿಂತ ಬೇರೆ ಉತ್ತರ ನನ್ನ ಬಳಿ ಇಲ್ಲ.

ನೂರು ರೂಪಾಯಿ ಯುಪಿಐ ಮೂಲಕ ಮೊದಲೇ ಬರಬೇಕು. ಬರಲಾಗದಿದ್ದರೆ ಒಂದು ಸಲ ಮುಂದಿನ ತಿಂಗಳಿಗೆ ಜಮಾ, ಎರಡನೆಯ ಸಲ ಇಲ್ಲ. ಸಮಸ್ಯೆ ಹೊತ್ತು ತಂದವರಿಗೆ ಮಾತ್ರ ದುಡ್ಡು ವಾಪಸ್. ಹಾಗಾದರೆ ಎಲ್ಲರೂ ಏನಾದರೊಂದು ತಂದು ಬಿಟ್ಟಿಯಾಗಿ ಕೂರುತ್ತಾರೆ ಎಂದು ಹೆದರಿಸಿದರು. ಆರೇಳು ಜನಕ್ಕಿಂತ ಹೆಚ್ಚು ಯಾವ ತಿಂಗಳೂ ತಂದಿಲ್ಲ. ತನ್ನ ಕೋಡನ್ನು ಹತ್ತು ಜನರ ಮುಂದೆ ತೆರೆದಿಡುವುದು ನೂರು ರೂಪಾಯಿಗಿಂತ ದೊಡ್ಡ ಬೆಲೆ. ಅದನ್ನು ತೆರುವವರಿಗೆ ಚಹಾ ಕುಡಿಸುವುದರಲ್ಲಿ ನಮಗೆ ನಷ್ಟವಿಲ್ಲ.

ಲೆಕ್ಕ ಹೀಗಿದೆ. ಸುಮಾರು 30 ಜನರಿಂದ ಮೂರು ಸಾವಿರ. ಸಣ್ಣ ಸಭಾಂಗಣಕ್ಕೆ 1,200, ಗಿರಮಿಟ್ಟು, ಮಿರ್ಚಿ ಭಜಿ, ಎರಡು ಸಲ ಚಹಾಕ್ಕೆ ಸಾವಿರದ ಆಸುಪಾಸು. ಉಳಿದದ್ದರಲ್ಲಿ ಇದುವರೆಗೆ ಹಳೆಯ ಪ್ರೊಜೆಕ್ಟರ್, ಗಟ್ಟಿ ಎಕ್ಸ್‌ಟೆನ್ಷನ್ ಬೋರ್ಡುಗಳು, ಬಿಲ್ಲು ಅಚ್ಚು ಹಾಕುವ ಒಂದು ಥರ್ಮಲ್ ಪ್ರಿಂಟರ್ ಎಂದು 14 ಸಾವಿರದಷ್ಟು ಖರ್ಚಾಗಿದೆ. ಖಾತೆಯಲ್ಲಿ ಹತ್ತು ಸಾವಿರ ಚಿಲ್ಲರೆ ಇದೆ. ಖಾತೆ ಇಬ್ಬರ ಜಂಟಿ ಹೆಸರಿನಲ್ಲಿದೆ. ಪ್ರತಿ ಸಭೆಯ ರಾತ್ರಿಯೇ ಜಮಾ-ಖರ್ಚಿನ ಹಾಳೆ ಎಲ್ಲರಿಗೂ ಹೋಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಲು ಏಳು ಜನ ಸಾಕು, ಜನಕ್ಕೆ ಬರವಿಲ್ಲ. ಆದರೆ ನೋಂದಾಯಿಸಿದೊಡನೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ಕುರ್ಚಿಗಳು ಬರುತ್ತವೆ. ಕುರ್ಚಿ ಬಂದ ಮೇಲೆ ಶಾಲು ಬರುತ್ತದೆ. ಸದ್ಯಕ್ಕೆ ಬೇಡವೆಂದು ತೀರ್ಮಾನಿಸಿದ್ದೇವೆ.

ಜಾಗದ ವಿಷಯ. ಎರಡೂ ಊರಿಗೆ ನಡುವೆ ಎಂದು ನವನಗರದಲ್ಲಿ ನಡೆಸಿ ನೋಡಿದೆವು. ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ ಹತ್ತಿದರೆ ಯಾರಿಗೂ ದೂರವಲ್ಲ. ಆದರೂ ಧಾರವಾಡದವರಿಗೆ ಅದು ಹುಬ್ಬಳ್ಳಿ, ಹುಬ್ಬಳ್ಳಿಯವರಿಗೆ ಅದು ಧಾರವಾಡ. ಎರಡೂ ಕಡೆಯವರು ಕಡಿಮೆಯಾದರು. ಈಗ ಒಂದು ತಿಂಗಳು ಹುಬ್ಬಳ್ಳಿಯ ವಿದ್ಯಾನಗರದ ಕಡೆ, ಮುಂದಿನ ತಿಂಗಳು ಧಾರವಾಡ. ಅತಿಥಿಯಾಗಿ ಬಂದವರು ತಕರಾರು ಮಾಡುವುದಿಲ್ಲ, ತಮ್ಮ ಊರಿನ ಸರದಿ ಬಂದಾಗ ಜವಾಬ್ದಾರಿ ಹೊರುತ್ತಾರೆ. ದಿನ ಗೊತ್ತುಮಾಡುವ ಮೊದಲು ಪಂಚಾಂಗ ನೋಡಲೇಬೇಕು. ಮದುವೆಯ ಮುಹೂರ್ತವಿರುವ ಭಾನುವಾರ ಸಭೆ ಇಟ್ಟರೆ ಹತ್ತು ಜನವೂ ಸಿಗುವುದಿಲ್ಲ. ಗಣೇಶನ ಹನ್ನೊಂದು ದಿನ ಹುಬ್ಬಳ್ಳಿಯಲ್ಲಿ ಏನನ್ನೂ ಇಡುವುದಿಲ್ಲ. ಸಂಜೆಯ ಸಭೆಗಳನ್ನು ಬೆಳಿಗ್ಗೆಗೆ ತಂದದ್ದರಿಂದ ಒಂದು ಒಳ್ಳೆಯದಾಯಿತು. ಬರುವ ಹೆಣ್ಣುಮಕ್ಕಳ ಸಂಖ್ಯೆ ಮೂರು-ನಾಲ್ಕರಿಂದ ಹದಿಮೂರು-ಹದಿನಾಲ್ಕಕ್ಕೆ ಏರಿತು. ಅದಕ್ಕಾಗಿ ನಾವು ಯಾವ ವಿಶೇಷ ಅಭಿಯಾನವನ್ನೂ ಮಾಡಲಿಲ್ಲ, ಮಧ್ಯಾಹ್ನದ ಊಟಕ್ಕೆ ಮನೆ ತಲುಪುವಂತೆ ಬಿಟ್ಟೆವು.

ಒಂದು ಮೇಜನ್ನು ಹತ್ತಿರದಿಂದ ತೋರಿಸುತ್ತೇನೆ. ಅಮರಗೋಳದ ಎಪಿಎಂಸಿ ದಲಾಲರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವರೊಬ್ಬರು 58 ಮಿಲಿಮೀಟರ್ ಥರ್ಮಲ್ ಪ್ರಿಂಟರ್ ಹೊತ್ತು ತಂದಿದ್ದರು. ರೈತರ ಹೆಸರು ಕನ್ನಡದಲ್ಲಿ ಅಚ್ಚಾಗಬೇಕು, ಬರುತ್ತಿದ್ದದ್ದು ಪ್ರಶ್ನೆ ಚಿಹ್ನೆಗಳು. ಆ ಪ್ರಿಂಟರಿಗೆ ಕನ್ನಡ ಗೊತ್ತಿಲ್ಲ, ಸಾಲನ್ನು ಚಿತ್ರ ಮಾಡಿ ಕಳಿಸಿ ಎಂದು ಮೊದಲ ಸುತ್ತಿನವರು ಹೇಳಿ, ಪೈಥಾನ್‌ನಲ್ಲಿ ಚಿತ್ರ ಮಾಡುವ ಪಿಲ್ಲೋ ಲೈಬ್ರರಿಯಿಂದ ಮಾಡಿಯೂ ಕೊಟ್ಟರು. ಅಚ್ಚಾಯಿತು, ಆದರೆ ಒತ್ತಕ್ಷರಗಳು ಕೆಳಗಿಳಿಯದೆ ಅರ್ಧಾಕ್ಷರವಾಗಿ ಪಕ್ಕದಲ್ಲಿ ನಿಂತವು. ಎರಡನೆಯ ಸುತ್ತಿನಲ್ಲಿ ಒಬ್ಬರು, ಅಕ್ಷರಗಳನ್ನು ಸರಿಯಾಗಿ ಜೋಡಿಸುವ ರಾಕ್ಮ್ ಲೈಬ್ರರಿ ಇದೆಯೇ ನೋಡಿ ಎಂದರು. ಪಿಲ್ಲೋವನ್ನೇ ಕೇಳಿದರೆ ಇಲ್ಲ ಎಂದಿತು. ವಿಂಡೋಸ್‌ನಲ್ಲಿ ರಾಕ್ಮ್‌ಗೆ ಬೇಕಾದ ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿಯ ಫೈಲ್ (ಡಿಎಲ್‌ಎಲ್) ಬೇರೆಯಾಗಿ ತಂದಿಡಬೇಕು, ಅದು ಸಿಗದಿದ್ದರೆ ಪಿಲ್ಲೋ ಸದ್ದಿಲ್ಲದೆ ಸಾದಾ ಜೋಡಣೆಗೆ ಹೋಗಿಬಿಡುತ್ತದೆ. ಫೈಲ್ ಇಟ್ಟರು, ಒತ್ತುಗಳು ತಮ್ಮ ಜಾಗಕ್ಕೆ ಇಳಿದವು.

ಮುಗಿಯಿತು ಎಂದುಕೊಂಡರೆ "ಮಲ್ಲಿಕಾರ್ಜುನ" ಎಂಬ ಹೆಸರು "ಮಲ್ಲಿಕಾರ್ಜ" ಎಂದು ತುಂಡಾಗಿ ಬರುತ್ತಿತ್ತು. ಹೆಸರಿನ ಅಂಕಣಕ್ಕೆ ಹತ್ತು ಅಕ್ಷರ ಎಂದು ಕೋಡಿನಲ್ಲಿ ಬರೆದಿತ್ತು. ಕಣ್ಣಿಗೆ ಐದೇ ಅಕ್ಷರ, ಒತ್ತು, ಕಾಗುಣಿತದ ಗುರುತುಗಳನ್ನೂ ಬೇರೆಬೇರೆ ಎಣಿಸುವ ಯುನಿಕೋಡ್‌ನ ಎಣಿಕೆಯಲ್ಲಿ ಹನ್ನೆರಡು. "ಹುಬ್ಬಳ್ಳಿ"ಗೆ ಲೆನ್ (ಉದ್ದ) ಕೇಳಿದರೆ ಪೈಥಾನ್ ಒಂಬತ್ತು ಎನ್ನುತ್ತದೆ. ಅಕ್ಷರ ಸರಿಯಾಗಿ ಎಣಿಸುವುದು ಹೇಗೆಂದು ದೊಡ್ಡವರೆಲ್ಲ ಚರ್ಚಿಸುತ್ತಿರುವಾಗ, ಡಿಪ್ಲೊಮಾ ಓದುವ ಹುಡುಗಿಯೊಬ್ಬಳು, "ಸರ್, ಅಕ್ಷರ ಯಾಕೆ ಎಣಿಸಬೇಕು? ಪ್ರಿಂಟರಿನ ಅಗಲ 384 ಚುಕ್ಕೆ. ಹೆಸರಿಗೆ ಎಷ್ಟು ಚುಕ್ಕೆ ಬೇಕೆಂದು ಫಾಂಟನ್ನೇ ಕೇಳಿದರಾಯಿತಲ್ಲ" ಎಂದಳು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಗುಂಪಿನ ಹಣದಲ್ಲಿ ಥರ್ಮಲ್ ಪ್ರಿಂಟರ್ ಕೊಂಡದ್ದು ಆಮೇಲೆ, ಇದೇ ತೊಂದರೆಯವರು ಒಬ್ಬೊಬ್ಬರಾಗಿ ಬರತೊಡಗಿದ್ದರಿಂದ. ಬೆಂಗಳೂರಿನ ಯಾವ ಸಭೆಯಲ್ಲೂ ಈ ಮೇಜು ನನಗೆ ಸಿಕ್ಕಿರಲಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ನುಡಿ, ಬರಹ ಎಂಬ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲದ ಕಡತಗಳನ್ನು ಯುನಿಕೋಡಿಗೆ ತರುವ ಕೆಲಸವನ್ನು ಒಂದಿಡೀ ಮಳೆಗಾಲ ಹಿಡಿದುಕೊಂಡೆವು. ಮುದ್ರಣಾಲಯದವರು, ಸಹಕಾರಿ ಸಂಘದವರು ಹೊರೆಗಟ್ಟಲೆ ಕಡತ ಕೊಟ್ಟರು. ಸಾದಾ ಪಠ್ಯ ಸುಲಭವಾಗಿ ಬರುತ್ತದೆ. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಸಾಲಿನಲ್ಲಿದ್ದರೆ ತಲೆನೋವು. ಆ ಫಾಂಟುಗಳಲ್ಲಿ ಕನ್ನಡವೂ ಲ್ಯಾಟಿನ್ ಸಂಕೇತಗಳಲ್ಲೇ ಇರುವುದರಿಂದ ಯಾವುದು ಯಾವುದೆಂದು ಫಾಂಟಿನ ಹೆಸರು ನೋಡದೆ ತಿಳಿಯುವುದಿಲ್ಲ. ನಮ್ಮದೊಂದು ಸಣ್ಣ ಉಪಾಯ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದರಿಂದ ಇಬ್ಬರು ಸದಸ್ಯರ ಸಂಸಾರ ನಡೆಯುತ್ತಿರುವುದರಿಂದ ಇಲ್ಲಿ ಬಿಚ್ಚಿಡುವುದಿಲ್ಲ.

ವಿಡಿಯೊ ಮಾಡುವ ಪ್ರಯೋಗ ಕೈಗೂಡಲಿಲ್ಲ. ಕ್ಯಾಮೆರಾ ಇಟ್ಟ ತಿಂಗಳು ಸಮಸ್ಯೆ ತಂದವರು ಇಬ್ಬರೇ, ಗ್ರಾಹಕರ ಡೇಟಾ ಪರದೆಯ ಮೇಲೆ ಕಂಡೀತೆಂಬ ಅಳುಕು. ಈಗ ಬಿಡಿಸಿದ ಸಿಕ್ಕನ್ನೆಲ್ಲ ಕನ್ನಡದಲ್ಲಿ ಅರ್ಧ ಪುಟ ಬರೆದು ಕಡತಗಳ ಸಂಗ್ರಹವಾದ ಗಿಟ್‌ನಲ್ಲಿ ಇಡುತ್ತೇವೆ. ಅರವತ್ತಕ್ಕೂ ಹೆಚ್ಚು ಟಿಪ್ಪಣಿಗಳಾಗಿವೆ.

ಚಾಟ್‌ಜಿಪಿಟಿ ಬಂದ ಮೇಲೆ ಇನ್ನು ಯಾರು ಬರುತ್ತಾರೆ ಎಂಬ ಮಾತೂ ಎದ್ದಿತು. ಬರುವವರು ಹೆಚ್ಚಾದರು. ಯಂತ್ರ ಬರೆದುಕೊಟ್ಟ ಎಂಟುನೂರು ಸಾಲಿನ ಕೋಡ್ ಹಿಡಿದು, ಗ್ರಾಹಕನ ಅಂಗಡಿಯಲ್ಲಿ ಜಿಎಸ್‌ಟಿ ಮೊತ್ತ ಒಂದು ರೂಪಾಯಿ ತಪ್ಪುತ್ತಿದೆ ಎಂದು ಬರುತ್ತಾರೆ. ಬಹುಪಾಲು, ದಶಮಾಂಶ ಸಂಖ್ಯೆಗಳನ್ನು ಅಂದಾಜಾಗಿ ಇಡುವ ಫ್ಲೋಟ್‌ನ ತೊಂದರೆ, ಅವನ್ನು ನಿಖರವಾಗಿ ಇಡುವ ಡೆಸಿಮಲ್‌ಗೆ ಬದಲಿಸಿ ಎಲ್ಲಿ ಪೂರ್ಣಾಂಕ ಮಾಡಬೇಕೆಂದು ತೋರಿಸಿದರೆ ಸರಿಹೋಗುತ್ತದೆ. ಆ ಮೇಜಿಗೆ ಈಗ ಒಬ್ಬ ಲೆಕ್ಕಪರಿಶೋಧಕರೂ ನೂರು ರೂಪಾಯಿ ಕೊಟ್ಟು ಬರುತ್ತಿದ್ದಾರೆ.

ಇಷ್ಟೆಲ್ಲ ನಡೆಯುವುದು ಸಭೆಯ ಮೊದಲಿನ ಗುರುವಾರ ನಾನು ಕಳಿಸುವ ಸಂದೇಶಗಳ ಮೇಲೆ. ಗುಂಪಿಗೆ ಒಟ್ಟಾಗಿ ಕಳಿಸಿದರೆ ಸಮಸ್ಯೆ ಬರುವುದಿಲ್ಲ, ಒಬ್ಬೊಬ್ಬರಿಗೆ ಬೇರೆಬೇರೆ ಬರೆಯಬೇಕು, ಯಾರಿಗೆ ಬರೆಯಬೇಕೆಂಬ ಆಯ್ಕೆಯೇ ಅರ್ಧ ಕೆಲಸ. ಆ ಒಕ್ಕಣೆಯನ್ನು ಯಾರಿಗೂ ಕೊಟ್ಟಿಲ್ಲ. ಗದಗ ಮತ್ತು ಬೆಳಗಾವಿಯಿಂದ ಬಂದಿದ್ದವರಿಗೆ ಲೆಕ್ಕದ ಹಾಳೆ, ಮೇಜುಗಳ ನಕ್ಷೆ, ಟಿಪ್ಪಣಿಗಳ ಗಿಟ್ ಎಲ್ಲವನ್ನೂ ಕೊಟ್ಟು ಕಳಿಸಿದ್ದೇನೆ. ಬೆಳಗಾವಿಯವರು ಶುಲ್ಕವನ್ನು ಐವತ್ತಕ್ಕೆ ಇಳಿಸಬೇಕೆನ್ನುತ್ತಿದ್ದಾರೆ. ನೂರಕ್ಕಿಂತ ಕೆಳಗೆ ಇಳಿಯಬೇಡಿ ಎಂದಿದ್ದೇನೆ. ಐವತ್ತನ್ನು ಜನ ಸುಲಭವಾಗಿ ಬಿಟ್ಟುಕೊಡುತ್ತಾರೆ, ನೂರಕ್ಕೆ ಎದ್ದು ಬರುತ್ತಾರೆ. ಇದನ್ನು ನಾವು ನಾಲ್ಕು ತಿಂಗಳು ಎರಡೂ ದರದಲ್ಲಿ ನಡೆಸಿ ನೋಡಿದ್ದೇವೆ.