ದಿಗಂತ ನೋಡಿ ಮೊಳೆ ಹೊಡೆದದ್ದು

ಬೊಲೊನ್ಯಾದಲ್ಲಿ ಓದುವಾಗ ಒಂದು ಸಣ್ಣ ಗ್ಯಾಲರಿಯಲ್ಲಿ ಚಿತ್ರ ನೇತುಹಾಕುವ ಕೆಲಸ ಸಿಕ್ಕಿತ್ತು. ಇಟಲಿಯಲ್ಲಿ ಹೆಸರು ಮಾಡಿದ ಹಿರಿಯ ಕಲಾವಿದರೊಬ್ಬರ ಏಕವ್ಯಕ್ತಿ ಪ್ರದರ್ಶನ. 22 ತೈಲಚಿತ್ರಗಳು. ಅರ್ಧ ಪೋ ನದಿಯ ಬಯಲು, ಅರ್ಧ ಅಪೆನೈನ್ ಗುಡ್ಡ. ಅವರನ್ನು ಎಲ್ಲರೂ 'ಮಾಯೆಸ್ತ್ರೋ' ಅನ್ನುತ್ತಿದ್ದರು. ನನ್ನ ಕಿವಿಗೆ ಅದು ನಮ್ಮ 'ಮೇಷ್ಟ್ರೇ' ಅಂದ ಹಾಗೇ ಕೇಳಿಸುತ್ತಿತ್ತು.

ನಾನು ಕಲಿತಿದ್ದ ಲೆಕ್ಕ ಸುಲಭದ್ದು. ಪ್ರತಿ ಚಿತ್ರದ ನಡುಭಾಗ ನೆಲದಿಂದ 150 ಸೆಂ.ಮೀ. ಎತ್ತರದಲ್ಲಿರಬೇಕು. ಚಿತ್ರ 80 ಸೆಂ.ಮೀ. ಎತ್ತರ ಇದ್ದರೆ ಅದರ ಅರ್ಧ 40 ಕೂಡಿಸಿ. ಆಮೇಲೆ ಚಿತ್ರದ ಬೆನ್ನಿಗೆ ಕಟ್ಟಿದ ತಂತಿಯನ್ನು ಎರಡು ಬೆರಳಲ್ಲಿ ಮೇಲಕ್ಕೆ ಎಳೆದು, ಮೇಲಂಚಿನಿಂದ ಎಷ್ಟು ಕೆಳಗೆ ನಿಲ್ಲುತ್ತದೋ ಅಷ್ಟು ಕಳೆಯಿರಿ. 8 ಅಂದುಕೊಳ್ಳಿ, ಮೊಳೆ 182ಕ್ಕೆ. ಒಂದು ಚಿತ್ರಕ್ಕೆ ಎರಡು ಮೊಳೆ ಬೇಕು. ಒಂದೇ ಆದರೆ ಯಾರಾದರೂ ಬಾಗಿಲು ಬಡಿದಾಗಲೆಲ್ಲ ಚಿತ್ರ ವಾಲುತ್ತದೆ.

ದಾರ ಕಟ್ಟಿ, ರಸಮಟ್ಟ ಇಟ್ಟು, ಉದ್ದದ ಗೋಡೆ ಮುಗಿಸಿದೆ. ಮಾಯೆಸ್ತ್ರೋ ಬಂದು ಕುರ್ಚಿ ಎಳೆದು ಕೂತರು. ಕಣ್ಣು ಕಿರಿದು ಮಾಡಿ ನೋಡಿದರು. 'ನಡುಭಾಗ ಸರಿಯಾಗಿದೆ. ಭೂಮಿ ಮಾತ್ರ ಕುಣಿಯುತ್ತಿದೆ' ಅಂದರು.

ಹೌದಲ್ವಾ! ಬಯಲಿನ ಚಿತ್ರಗಳಲ್ಲಿ ಆಕಾಶವೇ ಜಾಸ್ತಿ, ದಿಗಂತ ಕೆಳಗೆ. ಗುಡ್ಡದ ಮೇಲಿಂದ ನೋಡಿ ಬರೆದವುಗಳಲ್ಲಿ ದಿಗಂತ ಮೇಲಕ್ಕೆ ಹತ್ತಿರ. ಅಕ್ಕಪಕ್ಕ ಇಟ್ಟರೆ ಗೆರೆ ಏರಿಳಿಯುತ್ತಿತ್ತು. ನಿಜವಾದ ಬಯಲಲ್ಲಿ ದಿಗಂತ ಯಾವಾಗಲೂ ನೋಡುವವರ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಹಾಗಾದರೆ 150ಕ್ಕೆ ಬರಬೇಕಾದದ್ದು ದಿಗಂತ, ನಡುಭಾಗ ಅಲ್ಲ. 80ರ ಚಿತ್ರದಲ್ಲಿ ದಿಗಂತ ಮೇಲಂಚಿನಿಂದ 55 ಸೆಂ.ಮೀ. ಕೆಳಗಿದ್ದರೆ, 150ಕ್ಕೆ 55 ಕೂಡಿಸಿ ತಂತಿಯ 8 ಕಳೆದು, ಮೊಳೆ 197ಕ್ಕೆ.

ಚೌಕಟ್ಟುಗಳ ಅಂಚು ಮೇಲೆ ಕೆಳಗೆ ಆಗಿ ಮಾಲೀಕರು ಗೊಣಗಿದರು. ಅವರದ್ದೂ ತಪ್ಪಲ್ಲ, ಬಾಗಿಲಿಂದ ನೋಡಿದರೆ ಅಂಕುಡೊಂಕು. ಕೊನೆಗೆ ಆ ಒಂದು ಗೋಡೆಗೆ ಮಾತ್ರ ದಿಗಂತದ ಲೆಕ್ಕ, ಉಳಿದದ್ದಕ್ಕೆ ಹಳೇ ಲೆಕ್ಕ ಅಂತ ರಾಜಿಯಾಯಿತು.

ದಿಗಂತವೇ ಕಾಣದ ಚಿತ್ರಕ್ಕೆ ಏನು ಮಾಡೋದು ಅಂತ ಕೇಳಿದ್ದಕ್ಕೆ ಮಾಯೆಸ್ತ್ರೋ ನನ್ನನ್ನು ಅದೇ ಊರಿನ ಮಾಂಬೊ ಮ್ಯೂಸಿಯಂಗೆ ಕಳಿಸಿದರು. ಅಲ್ಲಿ ಜಾರ್ಜೊ ಮೊರಾಂಡಿಯವರ ಚಿತ್ರಗಳಿವೆ. ಬಾಟಲಿಗಳ ಚಿತ್ರಕಾರ ಅಂತಲೇ ಅವರು ಹೆಸರುವಾಸಿ. ಆದರೆ ಬೇಸಿಗೆಗೆ ಗ್ರಿಜ್ಜಾನಾ ಅನ್ನುವ ಗುಡ್ಡದ ಊರಿಗೆ ಹೋಗಿ ನಿಸರ್ಗಚಿತ್ರಗಳನ್ನೂ ಬರೆದರು. ಈಗ ಆ ಊರಿನ ಹೆಸರಿನಲ್ಲೇ ಮೊರಾಂಡಿ ಸೇರಿಕೊಂಡಿದ್ದಾರೆ. ಕೆಲವು ಚಿತ್ರಗಳಲ್ಲಿ ಮನೆಗೋಡೆ, ಇಳಿಜಾರುಗಳೇ ತುಂಬಿಕೊಂಡು ಆಕಾಶಕ್ಕೆ ಜಾಗವೇ ಇಲ್ಲ. ಅಂಥವಕ್ಕೆ ನಡುಭಾಗದ ಲೆಕ್ಕವೇ ಸಾಕು.

ದೀಪ ಹಾಕುವ ಕೆಲಸ ಬೇಗ ಮುಗಿಯಿತು. ಮೇಲಿಂದ ಸುಮಾರು 30 ಡಿಗ್ರಿ ಓರೆ ಕೊಟ್ಟರೆ ವಾರ್ನಿಷ್ ಹೊಳೆಯುವುದಿಲ್ಲ.

ತೊಂದರೆ ಕೊಟ್ಟದ್ದು ಹಳೇ ಮೊಳೆಯ ತೂತುಗಳು. ಸುಣ್ಣದ ಗಾರೆ ಗೋಡೆ, ಮೊಳೆ ಕಿತ್ತರೆ ಹಿಡಿ ಮಣ್ಣೇ ಬರುತ್ತಿತ್ತು. ಮೆತ್ತಿ, ಬಣ್ಣ ಬಳಿದೆ. ಸಂಜೆ ಉದ್ಘಾಟನೆಗೆ ಬಂದವರೊಬ್ಬರು ವೈನ್ ಹಿಡಿದು ಆ ಹಸಿ ಬಣ್ಣಕ್ಕೇ ಒರಗಿ ನಿಂತರು. ಅವರ ಕಪ್ಪು ಕೋಟಿನ ಬೆನ್ನ ಮೇಲೆ ಬಿಳಿ ಕಲೆ. ನಾನು ಸುಮ್ನೆ ಇನ್ನೊಂದು ಕೋಣೆಗೆ ಹೋದೆ.