ಎಡಕ್ಕೆ ಹೋಗುತ್ತಿದ್ದ ಬಾಣ, ಮೊನೆ ಬದಲಿಸಿದ ಮೇಲೆ ನೆಟ್ಟಗಾಯಿತು

ಬಿಲ್ಲು ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ್ದು), ಎಳೆತ 34 ಪೌಂಡ್, ಬಲಗೈ. ಬಾಣ 600 ಸ್ಪೈನಿನ (ಕಡ್ಡಿ ಎಷ್ಟು ಬಾಗುತ್ತದೆಂಬ ಅಳತೆ) ಕಾರ್ಬನ್, 29 ಇಂಚು, ಮೊನೆ 100 ಗ್ರೇನ್ (ತೂಕದ ಅಳತೆ). 20 ಮೀಟರಿನಲ್ಲಿ ಗರಿ ಇರುವ ಬಾಣ ನಡುವಿಗೇ ಬೀಳುತ್ತಿತ್ತು, ಗರಿ ಕಿತ್ತ ಬಾಣ ಮಾತ್ರ ಗೇಣುದ್ದ ಎಡಕ್ಕೆ. ಬಲಗೈಯವರಿಗೆ ಇದರರ್ಥ ಸಾಮಾನ್ಯವಾಗಿ ಇಷ್ಟೇ: ಆ ಬಿಲ್ಲಿಗೆ ಬಾಣ ಹೆಚ್ಚು ಬಿರುಸು, ಅಂದರೆ ಬೇಕಾದಷ್ಟು ಬಾಗುತ್ತಿಲ್ಲ. ಗರಿ ಈ ತಪ್ಪನ್ನು ಮುಚ್ಚಿಡುತ್ತದೆ, ದೂರ ಹೆಚ್ಚಿದಾಗ ಬಯಲಾಗುತ್ತದೆ.

ಹೊಸ ಬಾಣ ಕೊಳ್ಳಬೇಕಿಲ್ಲ. ಮೊನೆ ಭಾರವಾದರೆ ಬಿಡುವಾಗ ಬಾಣ ಹೆಚ್ಚು ಬಾಗುತ್ತದೆ. 120 ಗ್ರೇನ್ ಹಾಕಿದೆ, ಹೆಚ್ಚಿದ್ದು ಬರೀ 1.3 ಗ್ರಾಂ. ಅಂತರ ಮೂರು ಬೆರಳಿಗೆ ಇಳಿಯಿತು; ಉಳಿದದ್ದಕ್ಕೆ ಪ್ಲಂಜರ್ (ಬಾಣದ ಪಕ್ಕಕ್ಕೆ ಒತ್ತುವ ಗುಂಡಿ) ಸ್ಪ್ರಿಂಗ್ ಕಾಲು ಸುತ್ತು ಸಡಿಲಿಸಿದೆ. ಬಾಣ ಭಾರವಾದ್ದರಿಂದ ತುಸು ಕೆಳಗೆ ಬೀಳುತ್ತದೆ, ಬಿಲ್ಲಿನ ಮೇಲೆ ಗುರಿ ಹಿಡಿಯುವ ಸೈಟನ್ನೂ ಕೆಳಗಿಳಿಸಬೇಕು.

ಕೊಡಗಿನ ಮಳೆಗೆ ಇನ್ನೊಂದು ಕಾಟ. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ನೆನೆದು ಊದಿದ ಹುಲ್ಲಿನ ಗುರಿ ಮೊನೆಯನ್ನು ಕಚ್ಚಿ ಹಿಡಿಯುತ್ತದೆ. ಎಳೆದರೆ ಕೈಗೆ ಬರುವುದು ಬರೀ ಕಡ್ಡಿ. ಕಡ್ಡಿಯ ಒಳಬಾಯಿ ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿಸಿ. ಇಕ್ಕಳದಲ್ಲಿ ಮೊನೆಯನ್ನಷ್ಟೇ ಬಿಸಿ ಮಾಡಿ, ಕಡ್ಡಿಯೊಳಗೆ ಕೂರುವ ಅದರ ಬಾಲಕ್ಕೆ ಹಾಟ್‌ಮೆಲ್ಟ್ (ಬಿಸಿಗೆ ಕರಗುವ ಅಂಟು) ಸವರಿ, ತಿರುಗಿಸುತ್ತಾ ಒಳಗೆ ತಳ್ಳಿ. ಕಾರ್ಬನ್ನಿಗೆ ಬೆಂಕಿ ತಾಗಿಸಲೇಬೇಡಿ, ಒಳಗೇ ಸುಟ್ಟ ಕಡ್ಡಿ ಬಿಟ್ಟಾಗ ಸೀಳಿ ಕೈಗೆ ಚುಚ್ಚೀತು. ಉಗುರಿನ ಮೇಲೆ ಮೊನೆಯೂರಿ ತಿರುಗಿಸಿ: ನಡುಗಿದರೆ ಅದು ಓರೆ ಕೂತಿದೆ, ಮತ್ತೆ ಬಿಸಿ ಮಾಡಿ ಕೂರಿಸಿ.

ಜಿಂಕೆಗೆಂದು ಅಲಗಿನ ಮೊನೆ ಕೇಳುವವರಿದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ ಬೇಟೆ ಅಪರಾಧ. ಇಲ್ಲಿ ಹೇಳಿದ್ದೆಲ್ಲ ಗುರಿಹಲಗೆಯ ದುಂಡು ಮೊನೆಗೆ ಮಾತ್ರ.