ಹಿಪ್ಪುನೇರಳೆ ಸುಳಿ ಮುದುಡಿದರೆ ಏನು ಮಾಡಬೇಕು?

ಬೇಸಿಗೆ ಬಂತೆಂದರೆ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಸೊಪ್ಪಿನ ತೋಟಗಳಲ್ಲಿ ಸುಳಿ ಏಳುತ್ತಿಲ್ಲ ಎಂಬ ದೂರು ಶುರುವಾಗುತ್ತದೆ. ತುದಿ ಎಲೆ ಮುದುಡಿ, ದಪ್ಪಗಾಗಿ, ಕಡು ಹಸಿರಿಗೆ ತಿರುಗುತ್ತದೆ. ಗೆಣ್ಣುಗಳು ಒತ್ತೊತ್ತಾಗಿ ಬರುತ್ತವೆ. ಇದೇ ಟುಕ್ರಾ. ರೋಗ ಅಂತ ಕರೆದರೂ ಇದು ಗುಲಾಬಿ ಹಿಟ್ಟು ತಿಗಣೆಯ ಕೆಲಸ. ರಸ ಹೀರುವಾಗ ಅದು ಬಿಡುವ ಜೊಲ್ಲಿನಿಂದ ಸುಳಿ ಹೀಗಾಗುತ್ತದೆ.

ಮೊದಲು ಮುದುಡಿದ ಸುಳಿಯನ್ನು ಬಿಡಿಸಿ ನೋಡಿ. ಬಿಳಿ ಹಿಟ್ಟಿನ ಕೆಳಗೆ ಗುಲಾಬಿ ಮೈ ಕಂಡರೆ ಅನುಮಾನ ಬೇಡ. ಅರಗಿನ ಹುಳುವಿನ ದೂರದ ನೆಂಟ ಇದು. ಹೆಣ್ಣಿಗೆ ರೆಕ್ಕೆಯಿಲ್ಲ. ಹತ್ತಿಯಂಥ ಚೀಲದಲ್ಲಿ 350ರಿಂದ 500 ಮೊಟ್ಟೆ ಇಡುತ್ತದೆ. ಗಂಡಿಗೆ ರೆಕ್ಕೆಯಿದೆ, ತಿನ್ನಲು ಬಾಯಿಯೇ ಇಲ್ಲ! ಮೊಟ್ಟೆ ಬಲಿತು ಹುಳುವಾಗಲು ಹೆಚ್ಚು ಕಡಿಮೆ ಒಂದು ತಿಂಗಳು ಸಾಕು.

ಮೊಟ್ಟೆಯೊಡೆದ ಮರಿಗಳ ಮೈಮೇಲೆ ಮೇಣ ಅಷ್ಟಾಗಿ ಇರುವುದಿಲ್ಲ. ಅವು ಹರಿದಾಡಿ, ಗಾಳಿಗೆ ತೂರಿ, ನಮ್ಮ ಬಟ್ಟೆಗೂ ಅಂಟಿಕೊಂಡು ಪಕ್ಕದ ಗಿಡ ಸೇರುತ್ತವೆ. ಸೋಪಿನ ನೀರು ತಾಗುವುದು ಈ ಹಂತದಲ್ಲೇ. ದೊಡ್ಡವಾದ ಮೇಲೆ ಮೇಣದ ಕವಚ, ಮೇಲೆ ಮುದುಡಿದ ಎಲೆಯ ಮನೆ. ಸುಮ್ನೆ ಔಷಧಿ ಹೊಡೆದರೆ ಒಳಗೆ ಇಳಿಯುವುದಿಲ್ಲ. ಅದೇ ಸೊಪ್ಪನ್ನು ರೇಷ್ಮೆ ಹುಳು ತಿನ್ನಬೇಕು ಅಲ್ವಾ?

ಆದ್ದರಿಂದ ಕೈಕೆಲಸವೇ ಮೊದಲು. ಮುದುಡಿದ ಸುಳಿಗಳನ್ನು ಚಿವುಟಿ ಚೀಲಕ್ಕೆ ಹಾಕಿಕೊಳ್ಳಿ. ಬದುವಿನಲ್ಲಿ ಎಸೆದರೆ ಮರಿಗಳು ವಾಪಸ್ಸು ಬರುತ್ತವೆ, ಸುಟ್ಟುಬಿಡಿ. ಉಳಿದ ಗಿಡಗಳಿಗೆ ಒಂದು ಲೀಟರ್ ನೀರಿಗೆ 5 ಗ್ರಾಂ ಸೋಪಿನಂತೆ ಕರಗಿಸಿ, ಎಲೆಯಡಿಗೂ ಬೀಳುವಂತೆ ಸಿಂಪಡಿಸಿ. ಸಾಲಿನಲ್ಲಿ ಇರುವೆ ಓಡಾಡುತ್ತಿದ್ದರೆ ಗಮನಿಸಿ. ತಿಗಣೆಯ ಸಿಹಿ ಅಂಟಿಗಾಗಿ ಅವು ಬರುತ್ತವೆ, ಅದರ ಶತ್ರುಗಳನ್ನು ಓಡಿಸುತ್ತವೆ. ಬೇಲಿಯ ದಾಸವಾಳ, ಪಕ್ಕದ ದ್ರಾಕ್ಷಿ, ಬೆಂಡೆಯನ್ನೂ ನೋಡಿ. ಅಲ್ಲೂ ಇದೇ ತಿಗಣೆ ಬದುಕುತ್ತದೆ.

ತೋಟವೆಲ್ಲ ಹರಡಿದ್ದರೆ ತಿಗಣೆಯನ್ನು ತಿನ್ನುವ ಗುಲಗಂಜಿ ಹುಳುಗಳನ್ನು ತೋಟಕ್ಕೆ ಬಿಡುವುದೇ ವಾಸಿ. ಇದಕ್ಕೆ ಬಳಸುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಕಪ್ಪು ಮೈ, ಕೆಂಚು ತಲೆಯ ಹುಳು. 1898ರಲ್ಲಿ ಆಸ್ಟ್ರೇಲಿಯಾದಿಂದ ತಂದದ್ದು. ಎಕರೆಗೆ 250 ಹುಳು, ಆರು ತಿಂಗಳ ಅಂತರದಲ್ಲಿ ಎರಡು ಕಂತಾಗಿ ಬಿಡಬೇಕು. ಎಲ್ಲಿ ಸಿಗುತ್ತದೆಂದು ಹತ್ತಿರದ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲಿ ಕೇಳಿ. ರೇಷ್ಮೆ ಹುಳುವಿಗೆ ಇದರಿಂದ ತೊಂದರೆಯಿಲ್ಲ. ಬಿಟ್ಟ ಮೇಲೆ ಕೀಟನಾಶಕ ಮುಟ್ಟಬೇಡಿ.

ಇಲ್ಲೊಂದು ಎಚ್ಚರಿಕೆ. ಈ ಗುಲಗಂಜಿಯ ಮರಿಯೂ ಬಿಳಿ ಮೇಣ ಹೊದ್ದುಕೊಂಡು ತಿಗಣೆಯಂತೆಯೇ ಕಾಣುತ್ತದೆ. ಜಾಸ್ತಿ ಜನ ಅದನ್ನೇ ಹೊಸಕಿ ಹಾಕುತ್ತಾರೆ. ಕಡ್ಡಿಯಿಂದ ಮೆಲ್ಲಗೆ ತಾಕಿಸಿ. ತಿಗಣೆ ಕದಲುವುದು ಕಷ್ಟ, ಗುಲಗಂಜಿ ಮರಿ ಸರಸರ ಓಡುತ್ತದೆ. ಬಲಿತಾಗ ಅದು ತಿಗಣೆಗಿಂತ ಎಷ್ಟೋ ಪಾಲು ದೊಡ್ಡದು, ಮೇಣದ ಎಳೆಗಳೂ ಉದ್ದ. ಓಡುವುದನ್ನು ಗಿಡದಲ್ಲೇ ಬಿಡಿ.